ಫೋನ್ ಸ್ಟೋರೇಜ್ ಫುಲ್ ಆದಾಗ ಮೊದ್ಲು ಏನನ್ನ ಅಳಿಸ್ಬೇಕು, ಏನನ್ನ ಮುಟ್ಬಾರ್ದು

ಎಲ್ರಿಗೂ ನಮಸ್ಕಾರ. ಫೋನ್ ಸ್ಟೋರೇಜ್ ಬಗ್ಗೆ ಜನರ ಮುಂದೆ ಮಾತಾಡಿದ್ದನ್ನೇ ಹೆಚ್ಚು ಬದಲಾಯಿಸದೆ ಇಲ್ಲಿ ಬರ್ದಿದೀನಿ, ಕೊನೇಲಿ ಕೇಳ್ತಿದ್ದೋರಿಂದ ಬಂದ ಪ್ರಶ್ನೆಗಳ್ನೂ ಸೇರಿಸಿದೀನಿ.

ಫೋನಲ್ಲಿ ಸ್ಟೋರೇಜ್ ಫುಲ್ ಅಂತ ಬಂತು ಅಂದ್ರೆ ಹೆಚ್ಚಿನವರ ಕೈ ಮೊದ್ಲು ಹೋಗೋದು ಗ್ಯಾಲರಿಗೆ. ಯಾವ್ದೋ ಆ್ಯಪ್ ಅರ್ಜೆಂಟಾಗಿ ಅಪ್‌ಡೇಟ್ ಆಗ್ಬೇಕು, ಜಾಗ ಇಲ್ಲ ಅಂತಿದೆ, ಸರಿ ಅಂತ ಹಳೇ ಫೋಟೋಗಳ್ನ ಒಂದೊಂದಾಗಿ ಸೆಲೆಕ್ಟ್ ಮಾಡಿ ಅಳಿಸ್ತಾ ಹೋಗ್ತೀವಿ, ಅದ್ರಲ್ಲಿ ಅಜ್ಜಿ ಫೋಟೋ ಇರತ್ತೆ, ಮಗು ಮೊದಲ ಸಲ ಹೆಜ್ಜೆ ಇಟ್ಟಿದ್ದು ಇರತ್ತೆ, ಅಷ್ಟೆಲ್ಲ ಹೋದ್ಮೇಲೂ ಸಿಗೋದು ಒಂದಿಷ್ಟು ಎಂಬಿ, ಅದೂ ವಾರದೊಳಗೆ ಮತ್ತೆ ಫುಲ್. ಈ ಅಭ್ಯಾಸ ತಪ್ಪಿಸ್ಬೇಕು ಅಂತ್ಲೇ ನಾನಿವತ್ತು ಮಾತಾಡ್ತಿರೋದು. ಕಮ್ಮಿ ಸ್ಟೋರೇಜಿನ ಫೋನಲ್ಲಿ ಎಷ್ಟೋ ಸಲ ಜಾಗ ತಿಂದಿರೋದು ನೀವು ತೆಗೆದ ಫೋಟೋ ಅಲ್ಲ, ಆ್ಯಪ್‌ಗಳು ನಿಮ್ಮನ್ನ ಕೇಳದೇನೇ ತುಂಬಿಟ್ಕೊಂಡಿರೋ ಕಾಪಿಗಳು. ಅದಕ್ಕೆ ನಾನು ಹಿಡಿದಿರೋ ಲೆಕ್ಕ ಒಂದೇ. ಅಳಿಸಿದ್ರೂ ನಾಳೆ ಮತ್ತೆ ಡೌನ್‌ಲೋಡ್ ಮಾಡ್ಕೋಬಹುದಾದ್ದು ಮೊದ್ಲು ಹೋಗ್ಲಿ, ಒಮ್ಮೆ ಹೋದ್ರೆ ಎಲ್ಲೂ ಸಿಗದೇ ಇರೋದನ್ನ ಕೊನೇವರೆಗೂ ಮುಟ್ಬೇಡಿ.

ಶುರುಮಾಡೋ ಮುಂಚೆ ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳೋಣ. ರ‍್ಯಾಮ್ ಬೇರೆ, ಸ್ಟೋರೇಜ್ ಬೇರೆ. ಮೊದಲನೇದು ಆ್ಯಪ್‌ಗಳು ಓಡೋವಾಗ ತಾತ್ಕಾಲಿಕವಾಗಿ ಬಳಸೋ ಮೆಮೊರಿ, ಎರಡನೇದು ಫೈಲ್‌ಗಳು ಉಳಿಯೋ ಜಾಗ. ಬ್ಯಾಕ್‌ಗ್ರೌಂಡಲ್ಲಿ ಓಪನ್ ಇರೋ ಆ್ಯಪ್‌ಗಳ್ನೆಲ್ಲ ಸ್ವೈಪ್ ಮಾಡಿ ತೆಗೆದ್ರೆ ರ‍್ಯಾಮ್ ಸ್ವಲ್ಪ ಖಾಲಿ ಆಗಬಹುದು, ಸ್ಟೋರೇಜಲ್ಲಿ ಅದ್ರಿಂದ ಏನೂ ಕಮ್ಮಿಯಾಗಲ್ಲ. ನಾವಿವತ್ತು ಮಾತಾಡ್ತಿರೋದು ಸ್ಟೋರೇಜ್ ಬಗ್ಗೆ, 16 ಜಿಬಿ, 32 ಜಿಬಿ ಅಂತ ಬಾಕ್ಸ್ ಮೇಲೆ ಬರ್ದಿರತ್ತಲ್ಲ ಅದು. ಅದೂ ಪೂರ್ತಿ ನಿಮ್ಮ ಕೈಗೆ ಸಿಗಲ್ಲ. ತಯಾರಿಸೋ ಕಂಪನಿಗಳು ಒಂದು ಜಿಬಿ ಅಂದ್ರೆ ನೂರು ಕೋಟಿ ಬೈಟ್ ಅಂತ ಲೆಕ್ಕ ಹಾಕ್ತವೆ, ಕಂಪ್ಯೂಟರಿನ 1024ರ ಲೆಕ್ಕದಲ್ಲಿ, ಅಂದ್ರೆ 1024 ಬೈಟಿಗೆ ಒಂದು ಕೆಬಿ, 1024 ಕೆಬಿಗೆ ಒಂದು ಎಂಬಿ, 1024 ಎಂಬಿಗೆ ಒಂದು ಜಿಬಿ ಅಂತ ನೋಡಿದ್ರೆ 32 ಅನ್ನೋದು 29.8ಕ್ಕೆ ಇಳಿಯತ್ತೆ, ಅದ್ರಲ್ಲಿ ಆಪರೇಟಿಂಗ್ ಸಿಸ್ಟಮ್ ತನಗೆ ಬೇಕಾದಷ್ಟು ಜಿಬಿ ತಗೊಂಡು ಕೂತಿರತ್ತೆ, ಜೊತೆಗೆ ಫೋನಿನ ಜೊತೇಲೇ ಬರೋ ಆ್ಯಪ್‌ಗಳು. ಅಂದ್ರೆ 16 ಜಿಬಿ ಫೋನ್ ಇರೋರಿಗೆ ಮೊದಲ ದಿನದಿಂದ್ಲೇ ಜಾಗ ಇಕ್ಕಟ್ಟು, ಅದು ನೀವು ಫೋನನ್ನ ಸರಿಯಾಗಿ ಬಳಸ್ತಿಲ್ಲ ಅಂತಲ್ಲ.

ಇನ್ನೊಂದು ಪ್ರಶ್ನೆ ತುಂಬ ಜನ ಕೇಳ್ತಾರೆ, ಜಾಗ ಇನ್ನೂ 300 ಎಂಬಿ ಇದೆ, ಆದ್ರೂ ಫೋನ್ ಯಾಕೆ ಇಷ್ಟು ಸ್ಲೋ ಅಂತ. ಫೋನಿನ ಒಳಗಿರೋದು ಫ್ಲ್ಯಾಶ್ ಮೆಮೊರಿ. 1980ರ ದಶಕದಲ್ಲಿ ತೋಷಿಬಾ ಕಂಪನಿಯಲ್ಲಿ ಫುಜಿಯೊ ಮಸುವೊಕಾ ಅನ್ನೋ ಎಂಜಿನಿಯರ್ ರೂಪಿಸಿದಾಗಿನಿಂದ್ಲೂ ಇದರ ಸ್ವಭಾವ ಹಂಗೇ ಇದೆ, ಬರೆಯೋದು ಸಣ್ಣ ಸಣ್ಣ ತುಂಡಲ್ಲಿ, ಅಳಿಸೋದು ಮಾತ್ರ ದೊಡ್ಡ ದೊಡ್ಡ ಬ್ಲಾಕ್‌ಗಳಲ್ಲಿ. ಹೊಸದೇನಾದ್ರೂ ಬರೀಬೇಕು ಅಂದ್ರೆ ಖಾಲಿ ಬ್ಲಾಕ್ ಬೇಕು, ಅದಿಲ್ಲ ಅಂದ್ರೆ ಅರ್ಧ ತುಂಬಿರೋ ಬ್ಲಾಕಲ್ಲಿರೋದನ್ನ ಬೇರೆ ಕಡೆ ಕಾಪಿ ಮಾಡಿ, ಆ ಬ್ಲಾಕನ್ನ ಪೂರ್ತಿ ಅಳಿಸಿ, ಆಮೇಲೆ ಬರೀಬೇಕು. ಸಾಮಾನು ಕಿಕ್ಕಿರಿದ ಮನೇಲಿ ಒಂದು ಬೀರು ಸರಿಸೋಕೆ ಮೊದ್ಲು ನಾಕು ಸಾಮಾನು ಎತ್ತಿಡ್ಬೇಕಲ್ಲ, ಆ ಥರ. ಖಾಲಿ ಜಾಗ ಕಮ್ಮಿಯಾದಷ್ಟೂ ಈ ಎತ್ತಿಡೋ ಕೆಲಸ ಜಾಸ್ತಿ, ಅದಕ್ಕೇ ಕ್ಯಾಮೆರಾ ಒತ್ತಿದ್ರೆ ಫೋಟೋ ಸೇವ್ ಆಗೋಕೆ ಹೊತ್ತಾಗತ್ತೆ, ಕೀಬೋರ್ಡ್ ಕೂಡ ತಡವಾಗಿ ಬರತ್ತೆ. ಹತ್ತು ಪರ್ಸೆಂಟಾದ್ರೂ ಯಾವಾಗ್ಲೂ ಖಾಲಿ ಬಿಡಿ ಅಂತ ನಾನು ಹೇಳೋದು ಇದೇ ಕಾರಣಕ್ಕೆ. ಆ್ಯಪ್ ಅಪ್‌ಡೇಟ್ ಆಗೋಕೂ ಅಷ್ಟೇ, ಹಳೇದು ಇದ್ದಾಗ್ಲೇ ಹೊಸದು ಬಂದು ಕೂರ್ಬೇಕು, ಹಾಗಾಗಿ 50 ಎಂಬಿ ಅಪ್‌ಡೇಟಿಗೆ 50 ಎಂಬಿ ಜಾಗ ಸಾಕಾಗಲ್ಲ.

ಸರಿ, ಈಗ ಕೆಲಸ. ಮೊದಲನೇದು ಅಳಿಸೋದಲ್ಲ, ನೋಡೋದು. ಸೆಟ್ಟಿಂಗ್ಸ್ ಒಳಗೆ ಸ್ಟೋರೇಜ್ ಅಂತ ಇರತ್ತೆ, ಓಪನ್ ಮಾಡಿದ್ರೆ ಆ್ಯಪ್‌ಗಳು ಎಷ್ಟು, ಫೋಟೋ ಎಷ್ಟು, ವಿಡಿಯೋ ಎಷ್ಟು, ಸಿಸ್ಟಮ್ ಎಷ್ಟು ಅಂತ ಬೇರೆ ಬೇರೆ ತೋರ್ಸತ್ತೆ. ಅಲ್ಲಿ ಅತಿ ದೊಡ್ಡದು ಯಾವ್ದೋ ಅದ್ರಿಂದ ಶುರು ಮಾಡಿ. ಇದನ್ನ ನೋಡದೇ ಅಳಿಸೋಕೆ ಕೂತೋರು ಒಂದು ಗಂಟೆ ಕಷ್ಟಪಟ್ಟು ಇನ್ನೂರು ಫೋಟೋ ತೆಗೀತಾರೆ, ಪಕ್ಕದಲ್ಲೇ 4 ಜಿಬಿ ತಿಂದ್ಕೊಂಡು ಒಂದು ಆ್ಯಪ್ ಕೂತಿರತ್ತೆ.

ಹೆಚ್ಚಿನ ಫೋನ್‌ಗಳಲ್ಲಿ ಆ ಆ್ಯಪ್ ವಾಟ್ಸಾಪ್. ಇದರ ಬಗ್ಗೆ ಸ್ವಲ್ಪ ಜಾಸ್ತೀನೇ ಹೇಳ್ತೀನಿ, ಯಾಕಂದ್ರೆ ಇಲ್ಲೇ ಹೆಚ್ಚು ಜಾಗ ಸಿಗೋದು. ವಾಟ್ಸಾಪನ್ನ ಇನ್‌ಸ್ಟಾಲ್ ಮಾಡಿದಾಗ ಇರೋ ಸೆಟ್ಟಿಂಗ್ ಪ್ರಕಾರ ಮೊಬೈಲ್ ಡೇಟಾ ಇದ್ರೆ ಫೋಟೋಗಳು, ವೈಫೈ ಇದ್ರೆ ಫೋಟೋ ವಿಡಿಯೋ ಆಡಿಯೋ ಡಾಕ್ಯುಮೆಂಟ್ ಎಲ್ಲಾ ತಾನಾಗೇ ಡೌನ್‌ಲೋಡ್ ಆಗ್ತವೆ. ಐದಾರು ಗ್ರೂಪಲ್ಲಿ ಇದೀರಿ ಅಂದ್ರೆ ಲೆಕ್ಕ ಹಾಕಿ, ಒಂದೇ ಗುಡ್ ಮಾರ್ನಿಂಗ್ ವಿಡಿಯೋ ನಾಕು ಗ್ರೂಪಲ್ಲಿ ಬರತ್ತೆ, ನೀವು ತೆರೆದು ನೋಡಿರಲ್ಲ, ಆದ್ರೂ ಅದು ನಿಮ್ಮ ಫೋನಲ್ಲಿದೆ. ಇದ್ರ ಜೊತೆಗೆ ನೀವು ಕಳಿಸಿದ್ದು. ಕ್ಯಾಮೆರಾದಲ್ಲಿ ತೆಗೆದ ವಿಡಿಯೋನ ಯಾರಿಗೋ ಕಳಿಸಿದಾಗ ವಾಟ್ಸಾಪ್ ಅದನ್ನ ಸಣ್ಣದು ಮಾಡಿ ಕಳಿಸತ್ತೆ, ಆ ಸಣ್ಣ ಮಾಡಿದ ಕಾಪಿ ಸೆಂಟ್ ಅನ್ನೋ ಫೋಲ್ಡರಲ್ಲಿ ಉಳ್ಕೊಂಡಿರತ್ತೆ, ಒರಿಜಿನಲ್ ಕ್ಯಾಮೆರಾ ಫೋಲ್ಡರಲ್ಲಿ ಇದ್ದೇ ಇರತ್ತೆ, ಆಮೇಲೆ ಅದೇ ವಿಡಿಯೋನ ಮನೇಲಿ ಯಾರಾದ್ರೂ ಫ್ಯಾಮಿಲಿ ಗ್ರೂಪಿಗೆ ಹಾಕಿದ್ರೆ ಮೂರನೇದು.

ಮೊದ್ಲು ವಾಟ್ಸಾಪ್ ಸೆಟ್ಟಿಂಗ್ಸ್, ಅಲ್ಲಿ ಸ್ಟೋರೇಜ್ ಆ್ಯಂಡ್ ಡೇಟಾ, ಅದ್ರೊಳಗೆ ಆಟೋ ಡೌನ್‌ಲೋಡ್ ಇರೋದನ್ನ ಮೊಬೈಲ್ ಡೇಟಾ, ವೈಫೈ, ರೋಮಿಂಗ್ ಮೂರೂ ಕಡೆ ಆಫ್ ಮಾಡಿ, ಆಮೇಲೆ ನಿಮಗೆ ಬೇಕು ಅನ್ಸಿದ್ದನ್ನ ಮಾತ್ರ ಒತ್ತಿ ಇಳಿಸ್ಕೊಳ್ಳಿ. ಇದೊಂದು ಮಾಡಿದ್ರೆ ಸಾಕು, ಮುಂದಿನ ತಿಂಗಳು ಮತ್ತೆ ಇದೇ ಪಾಡು ಬರೋದು ಬಹಳಷ್ಟು ತಪ್ಪತ್ತೆ. ಮೀಡಿಯಾ ವಿಸಿಬಿಲಿಟಿ ಅಂತ ಇನ್ನೊಂದು ಇದೆ, ಅದನ್ನ ಆಫ್ ಮಾಡಿದ್ರೆ ಹೊಸ ಫೋಟೋ ಗ್ಯಾಲರಿಯಲ್ಲಿ ಕಾಣಲ್ಲ ಅಷ್ಟೇ, ಫೋನಲ್ಲಿ ಜಾಗ ತಿನ್ನೋದು ತಿಂತಾನೇ ಇರತ್ತೆ, ಹಾಗಾಗಿ ಅದನ್ನ ಆಫ್ ಮಾಡಿ ನಿಶ್ಚಿಂತೆ ಆಗ್ಬೇಡಿ. ಆಮೇಲೆ ಮೊದ್ಲು ಹೇಳಿದ ಸ್ಟೋರೇಜ್ ಆ್ಯಂಡ್ ಡೇಟಾ ಒಳಗೇ ಮ್ಯಾನೇಜ್ ಸ್ಟೋರೇಜ್ ಅಂತ ಇದೆ. ತುಂಬಾ ಸಲ ಫಾರ್ವರ್ಡ್ ಆಗಿರೋದು ಒಂದು ಕಡೆ, 5 ಎಂಬಿಗಿಂತ ದೊಡ್ಡದು ಒಂದು ಕಡೆ, ಕೆಳಗೆ ಯಾವ ಚಾಟಲ್ಲಿ ಎಷ್ಟು ಜಾಗ ಅಂತ ಸಾಲಾಗಿ ತೋರ್ಸತ್ತೆ. ಫಾರ್ವರ್ಡ್ ಆಗಿರೋದನ್ನ ಯೋಚನೆ ಮಾಡದೆ ತೆಗೀರಿ, ಆದ್ರೆ 5 ಎಂಬಿ ಲಿಸ್ಟನ್ನ ಮಾತ್ರ ದಯವಿಟ್ಟು ಕಣ್ಣಾಡಿಸಿ ತೆಗೀರಿ. ಯಾಕಂದ್ರೆ ವಾಟ್ಸಾಪಲ್ಲಿ ಬಂದ ವಿಡಿಯೋ ಅವರ ಸರ್ವರಲ್ಲಿ ನಿಮಗೋಸ್ಕರ ಕಾದು ಕೂತಿರಲ್ಲ, ಫೋನಿಂದ ಹೋಯ್ತು ಅಂದ್ರೆ ಕಳಿಸಿದವರ ಹತ್ರ ಇದ್ರೆ ಮಾತ್ರ ಮತ್ತೆ ಸಿಗೋದು.

ಟೆಲಿಗ್ರಾಂ ಹಾಗಲ್ಲ. ಸೀಕ್ರೆಟ್ ಚಾಟ್ ಬಿಟ್ರೆ ಉಳಿದಿದ್ದೆಲ್ಲ ಅವರ ಕ್ಲೌಡಲ್ಲಿ, ಅಂದ್ರೆ ಇಂಟರ್ನೆಟ್ಟಲ್ಲಿರೋ ಅವರ ಸರ್ವರಲ್ಲಿರತ್ತೆ, ಫೋನಲ್ಲಿರೋದು ಬರೀ ಕ್ಯಾಶ್, ಅಂದ್ರೆ ಬೇಗ ತೋರ್ಸೋಕೆ ಇಟ್ಕೊಂಡಿರೋ ತಾತ್ಕಾಲಿಕ ಕಾಪಿ. ಅದರ ಸೆಟ್ಟಿಂಗ್ಸಲ್ಲಿ ಸ್ಟೋರೇಜ್ ಯೂಸೇಜಿಗೆ ಹೋಗಿ ಕ್ಯಾಶ್ ಪೂರ್ತಿ ಅಳಿಸಿದ್ರೂ ಬೇಕಾದಾಗ ಮತ್ತೆ ಇಳಿಸ್ಕೋಬಹುದು. ಸಿನಿಮಾ, ಕೋರ್ಸ್ ವಿಡಿಯೋ ಅಂತ ಟೆಲಿಗ್ರಾಂ ಚಾನೆಲ್ ನೋಡೋರ ಫೋನಲ್ಲಿ ಇಲ್ಲೇ ಜಿಬಿಗಟ್ಟಲೆ ಸಿಕ್ಕಿಬಿಡತ್ತೆ.

ಇನ್ನೊಂದು ಮಾತು, ಜಾಗ ಮಾಡೋಕೆ ಅಂತ ಯಾರೂ ಚಾಟ್ ಮೆಸೇಜ್ ಅಳಿಸ್ಬೇಡಿ. ಬರೀ ಅಕ್ಷರದ ಮೆಸೇಜ್ ಅಂದ್ರೆ ಕೆಲವು ನೂರು ಬೈಟ್ ಅಷ್ಟೇ. ಆ್ಯಪಲ್ ತನ್ನ ಐಫೋನ್ ಸೆಟ್ಟಿಂಗ್ಸಲ್ಲೇ ಬರ್ದಿರೋ ಪ್ರಕಾರ 1080ಪಿ ವಿಡಿಯೋ ಒಂದು ನಿಮಿಷಕ್ಕೆ ಸುಮಾರು 60 ಎಂಬಿ, 4ಕೆ ಅಲ್ಲಿ ಸೆಕೆಂಡಿಗೆ 60 ಫ್ರೇಮ್ ಇಟ್ರೆ ನಿಮಿಷಕ್ಕೆ 400 ಎಂಬಿ. ಅಂದ್ರೆ ಒಂದೇ ನಿಮಿಷದ ಸಾಧಾರಣ ವಿಡಿಯೋ ಹಿಡಿಯೋ ಜಾಗದಲ್ಲಿ ಲಕ್ಷ ಮೆಸೇಜ್ ಕೂರತ್ತೆ. ಪ್ರೀತಿಯಿಂದ ಇಟ್ಕೊಂಡಿರೋ ಮಾತುಗಳ್ನ ಜಾಗಕ್ಕೋಸ್ಕರ ಕಳ್ಕೊಳ್ಳೋ ಅವಶ್ಯಕತೆ ಯಾರಿಗೂ ಇಲ್ಲ. ಅದ್ರ ಬದ್ಲು ಕ್ಯಾಮೆರಾ ಸೆಟ್ಟಿಂಗ್ಸಿಗೆ ಹೋಗಿ ವಿಡಿಯೋ 4ಕೆ ಇದ್ರೆ 1080ಪಿಗೆ ಇಳಿಸಿ, ಫೋನ್ ಪರದೆ ಮೇಲೆ ನೋಡೋಕೆ ಅದು ಧಾರಾಳ.

ಈಗ ಕ್ಯಾಶ್ ವಿಷಯ. ಇಲ್ಲಿ ಎಚ್ಚರ ತಪ್ಪಿದ್ರೆ ನಷ್ಟ ದೊಡ್ಡದು, ಅದಕ್ಕೆ ನಿಧಾನವಾಗಿ ಹೇಳ್ತೀನಿ. ಆಂಡ್ರಾಯ್ಡ್ ಸೆಟ್ಟಿಂಗ್ಸಲ್ಲಿ ಯಾವ್ದೇ ಆ್ಯಪ್ ಒತ್ತಿ ಅದ್ರ ಸ್ಟೋರೇಜ್ ನೋಡಿದ್ರೆ ಪಕ್ಕಪಕ್ಕ ಎರಡು ಬಟನ್ ಇರತ್ತೆ. ಒಂದು ಕ್ಲಿಯರ್ ಕ್ಯಾಶ್, ಇನ್ನೊಂದು ಕ್ಲಿಯರ್ ಡೇಟಾ ಅಥವಾ ಕ್ಲಿಯರ್ ಸ್ಟೋರೇಜ್. ಕ್ಯಾಶ್ ಅಂದ್ರೆ ಆ್ಯಪು ಬೇಗ ತೋರ್ಸೋಕೆ ಅಂತ ತಾತ್ಕಾಲಿಕವಾಗಿ ಇಟ್ಕೊಂಡಿರೋ ಚಿತ್ರ, ವಿಡಿಯೋ ತುಣುಕು, ಅದು ಹೋದ್ರೆ ಏನೂ ತೊಂದ್ರೆ ಇಲ್ಲ. ಎರಡನೇ ಬಟನ್ ಒತ್ತಿದ್ರೆ ಆ್ಯಪು ಹೊಸದಾಗಿ ಇನ್‌ಸ್ಟಾಲ್ ಮಾಡಿದ ಹಂಗೆ ಆಗ್ಬಿಡತ್ತೆ, ಲಾಗಿನ್ ಹೋಗತ್ತೆ, ಆ ಫೋನಲ್ಲಿ ಮಾತ್ರ ಇದ್ದ ನೋಟ್ಸ್ ಹೋಗತ್ತೆ, ಗೇಮ್ ಲೆವೆಲ್ ಹೋಗತ್ತೆ, ಲಾಗಿನ್ ಕೋಡ್ ಕೊಡೋ ಆಥೆಂಟಿಕೇಟರ್ ಆ್ಯಪ್ ಆಗಿದ್ದು ಅದಕ್ಕೆ ಬ್ಯಾಕಪ್ ಇಲ್ಲ ಅಂದ್ರೆ ಬೇರೆ ಬೇರೆ ಅಕೌಂಟ್‌ಗಳಿಗೂ ಹೋಗೋಕಾಗಲ್ಲ. ಜಾಗ ಸಿಗತ್ತೆ ಅಂತ ಯಾರೋ ಹೇಳಿದ್ದನ್ನ ಕೇಳಿ ಎಲ್ಲಾ ಆ್ಯಪಿಗೂ ಎರಡನೇ ಬಟನ್ ಒತ್ತಿದೋರ ಸಂಕಟ ನೋಡಿದೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು. ಇನ್ನು ಕ್ಯಾಶನ್ನೂ ದಿನಾ ಅಳಿಸೋದ್ರಿಂದ ಲಾಭ ಇಲ್ಲ, ಆ್ಯಪ್ ಬಳಸಿದ್ರೆ ಅದು ಮತ್ತೆ ತುಂಬ್ಕೊಳ್ಳತ್ತೆ, ಜಾಗ ತೀರಾ ಕಮ್ಮಿಯಾದ್ರೆ ಆಂಡ್ರಾಯ್ಡ್ ತಾನೇ ಒಂದಿಷ್ಟು ಕ್ಯಾಶ್ ತೆಗೆಯತ್ತೆ. ಶಾರ್ಟ್ ವಿಡಿಯೋ ಆ್ಯಪ್‌ಗಳು, ಬ್ರೌಸರ್, ಇಂಥ ದೊಡ್ಡ ಕ್ಯಾಶ್ ಇರೋ ನಾಕೈದನ್ನ ಮಾತ್ರ ಯಾವಾಗ್ಲಾದ್ರೂ ನೋಡಿದ್ರೆ ಸಾಕು.

ಹೆಚ್ಚು ಜನಕ್ಕೆ ಗೊತ್ತಿಲ್ಲದೇ ಇರೋ ಎರಡು ಜಾಗ ಹೇಳ್ತೀನಿ. ಒಂದು, ಫೋನಿನ ಜೊತೇಲೇ ಬಂದಿರೋ ಆ್ಯಪ್‌ಗಳು. ಇವುಗಳ ಮೂಲ ಕಾಪಿ ಸಿಸ್ಟಮ್ ಭಾಗದಲ್ಲಿರತ್ತೆ, ಅಲ್ಲಿಂದ ಅದನ್ನ ತೆಗೆಯೋಕಾಗಲ್ಲ, ಅಪ್‌ಡೇಟ್ ಬಂದಾಗ ಹೊಸ ವರ್ಷನ್ ಬಂದು ಕೂರೋದು ನಿಮ್ಮ ಭಾಗದ ಸ್ಟೋರೇಜಲ್ಲಿ. ಅಂದ್ರೆ ನೀವು ಯಾವತ್ತೂ ಓಪನ್ ಮಾಡದ ಆ್ಯಪು ಎರಡೆರಡು ಸಲ ಜಾಗ ತಗೊಂಡಿರತ್ತೆ. ಅಂಥದ್ರ ಆ್ಯಪ್ ಇನ್ಫೋಗೆ ಹೋಗಿ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಮಾಡಿ, ಆಮೇಲೆ ಡಿಸೇಬಲ್ ಮಾಡಿದ್ರೆ ನಿಮ್ಮ ಭಾಗದ ಜಾಗ ವಾಪಸ್ ಬರತ್ತೆ, ಮತ್ತೆ ಅಪ್‌ಡೇಟೂ ಆಗಲ್ಲ. ಹೆಸರು ನೋಡಿದ್ರೆ ಏನು ಅಂತ ಗೊತ್ತಾಗದ ಸಿಸ್ಟಮ್ ಆ್ಯಪ್‌ಗಳ್ನ ಮಾತ್ರ ಮುಟ್ಬೇಡಿ. ಎರಡನೇದು ವರ್ಚುವಲ್ ರ‍್ಯಾಮ್. ರ‍್ಯಾಮ್ ಪ್ಲಸ್, ರ‍್ಯಾಮ್ ಎಕ್ಸ್‌ಟೆನ್ಷನ್ ಅಂತ ಬೇರೆ ಬೇರೆ ಹೆಸರಲ್ಲಿ ಬರತ್ತೆ. ಆ ಜಾಸ್ತಿ ರ‍್ಯಾಮ್ ಎಲ್ಲಿಂದ ಬರತ್ತೆ ಅಂದ್ರೆ ನಿಮ್ಮ ಸ್ಟೋರೇಜಿಂದ್ಲೇ, 2 ಜಿಬಿ, 4 ಜಿಬಿ ಹೀಗೆ ತೆಗೆದಿಟ್ಟಿರತ್ತೆ. ನನ್ನ ಅಭಿಪ್ರಾಯ ಕೇಳಿದ್ರೆ 32 ಜಿಬಿ ಫೋನಲ್ಲಿ ಅದನ್ನ ಆಫ್ ಮಾಡಿ ಆ ಜಾಗ ಬಳಸ್ಕೊಳ್ಳೋದೇ ಒಳ್ಳೇದು, ಫ್ಲ್ಯಾಶ್ ಸ್ಟೋರೇಜ್ ನಿಜವಾದ ರ‍್ಯಾಮಿನಷ್ಟು ವೇಗ ಇರಲ್ಲ.

ಅಪರೂಪಕ್ಕೆ ಬಳಸೋ ಆ್ಯಪ್ ಇದ್ರೆ ಆರ್ಕೈವ್ ಮಾಡಿ. ಆ್ಯಪಿನ ಮುಖ್ಯ ಭಾಗ ಹೋಗತ್ತೆ, ನಿಮ್ಮ ಡೇಟಾ ಮತ್ತು ಐಕಾನ್ ಉಳಿಯತ್ತೆ, ಬೇಕಾದಾಗ ಐಕಾನ್ ಒತ್ತಿದ್ರೆ ಮತ್ತೆ ಇಳಿಯತ್ತೆ. ಪ್ಲೇ ಸ್ಟೋರಲ್ಲಿ ಇದು ತಾನಾಗೇ ಆಗೋ ವ್ಯವಸ್ಥೆ 2023ರಲ್ಲಿ ಬಂತು. ಐಫೋನಲ್ಲಿ ಆಫ್‌ಲೋಡ್ ಅಂತ 2017ರ ಐಓಎಸ್ 11ರಿಂದ್ಲೇ ಇದೆ, ಅಲ್ಲಿ ಆ್ಯಪ್ ಕ್ಯಾಶ್ ಅಳಿಸೋಕೆ ಎಲ್ಲಾ ಆ್ಯಪಿಗೂ ಒಂದೇ ಥರದ ಬಟನ್ ಇಲ್ಲ, ಉಬ್ಬಿರೋ ಆ್ಯಪನ್ನ ಡಿಲೀಟ್ ಮಾಡಿ ಮತ್ತೆ ಹಾಕೋದೇ ದಾರಿ. ಡಿಲೀಟ್ ಮಾಡೋ ಮುಂಚೆ ಅದ್ರೊಳಗಿನ ಡೇಟಾ ಬೇರೆ ಕಡೆ ಇದೆಯಾ ನೋಡ್ಕೊಳ್ಳಿ.

ಡೌನ್‌ಲೋಡ್ಸ್ ಫೋಲ್ಡರ್, ಆಫ್‌ಲೈನ್ ಮ್ಯಾಪ್, ಆಫ್‌ಲೈನ್ ಹಾಡು, ಸ್ಕ್ರೀನ್ ರೆಕಾರ್ಡಿಂಗ್, ಇವೆಲ್ಲ ನಿಮಗೆ ಗೊತ್ತಿರೋವೇ, ಒಂದ್ಸಲ ನೋಡಿ ಅಷ್ಟೇ. ಗೂಗಲಿನ ಫೈಲ್ಸ್ ಆ್ಯಪಲ್ಲಿ ಒಂದೇ ಥರದ ಎರಡೆರಡು ಫೈಲ್, ದೊಡ್ಡ ಫೈಲ್ ಎಲ್ಲಾ ಒಂದು ಕಡೆ ತೋರ್ಸತ್ತೆ, ಅದು ಸಾಕು. ಬೇರೆ ಕ್ಲೀನರ್, ಬೂಸ್ಟರ್ ಆ್ಯಪ್ ಯಾವ್ದೂ ಹಾಕ್ಬೇಡಿ, ಒಂದು ಆ್ಯಪಿನ ಖಾಸಗಿ ಜಾಗಕ್ಕೆ ಇನ್ನೊಂದು ಸಾಮಾನ್ಯ ಆ್ಯಪ್ ಕೈ ಹಾಕೋಕೆ ಆಂಡ್ರಾಯ್ಡ್ ಬಿಡಲ್ಲ, ಅವು ಮಾಡೋ ಕೆಲಸದ ಬಹುಪಾಲು ಜಾಹೀರಾತು ತೋರ್ಸೋದು, ಜಾಗ ಇಲ್ಲದ ಫೋನಲ್ಲಿ ತಾವೇ ಇನ್ನಷ್ಟು ಜಾಗ ತಗೊಳ್ಳೋದು.

ಅಳಿಸಿದ್ರೂ ಜಾಗ ಹೆಚ್ಚಾಗಿಲ್ಲ ಅಂತ ಗಾಬರಿ ಆಗ್ಬೇಡಿ, ಟ್ರ್ಯಾಶ್ ನೋಡಿ. ಗೂಗಲ್ ಫೋಟೋಸಲ್ಲಿ ಬ್ಯಾಕಪ್ ಆಗಿರೋ ಫೋಟೋ ಅಳಿಸಿದ್ರೆ 60 ದಿನ, ಆಗಿಲ್ಲದ್ದು 30 ದಿನ ಬಿನ್ನಲ್ಲಿರತ್ತೆ. ಆ ದಿನಗಳು ಮುಗಿಯೋವರೆಗೂ ಅಥವಾ ನೀವೇ ಬಿನ್ ಖಾಲಿ ಮಾಡೋವರೆಗೂ ಫೋನಲ್ಲಿರೋ ಫೈಲ್ ಜಾಗ ಬಿಡಲ್ಲ. ಖಾಲಿ ಮಾಡೋ ಮುಂಚೆ ಒಂದ್ಸಲ ಮೇಲಿಂದ ಕೆಳಗೆ ನೋಡಿ, ತಪ್ಪಿ ಹೋಗಿರೋದು ಅಲ್ಲೇ ಸಿಗೋದು.

ಇಷ್ಟೆಲ್ಲ ಆದ್ಮೇಲೂ ಜಾಗ ಬೇಕು ಅಂದ್ರೆ ಆಗ ನಿಮ್ಮ ಫೋಟೋಗಳ ಕಡೆ ಬನ್ನಿ, ಅದೂ ಅಳಿಸೋಕಲ್ಲ, ಬೇರೆ ಕಡೆ ಇಡೋಕೆ. ಗೂಗಲ್ ಅಕೌಂಟಲ್ಲಿ 15 ಜಿಬಿ ಫ್ರೀ, ಅದು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಮುಂಚೆ ಸ್ವಲ್ಪ ಕ್ವಾಲಿಟಿ ಕಮ್ಮಿ ಮಾಡಿದ ಫೋಟೋಗಳಿಗೆ ಮಿತಿಯೇ ಇರಲಿಲ್ಲ, 2021ರ ಜೂನ್ 1ರಿಂದ ಅದು ನಿಂತೋಯ್ತು. ಇಲ್ಲಿ ಒಂದು ಅಪಾಯ ಇದೆ, ಪೂರ್ತಿ ಕೇಳಿ. ಬ್ಯಾಕಪ್ ಆಗಿದೆಯಲ್ಲ ಅಂತ ಗೂಗಲ್ ಫೋಟೋಸ್ ಆ್ಯಪಲ್ಲೇ ಫೋಟೋ ಡಿಲೀಟ್ ಒತ್ತಿದ್ರೆ ಕ್ಲೌಡಲ್ಲಿರೋದೂ ಹೋಗತ್ತೆ. ಫೋನಿಂದ ಮಾತ್ರ ತೆಗೆಯೋಕೆ ಫ್ರೀ ಅಪ್ ಸ್ಪೇಸ್ ಅಂತಲೇ ಬೇರೆ ಆಯ್ಕೆ ಇದೆ, ಅದು ಬ್ಯಾಕಪ್ ಆಗಿರೋದನ್ನ ಮಾತ್ರ ಫೋನಿಂದ ತೆಗೆಯತ್ತೆ. ವಾಟ್ಸಾಪ್ ಫೋಲ್ಡರಿನ ಫೋಟೋಗಳು ತಾನಾಗೇ ಬ್ಯಾಕಪ್ ಆಗಲ್ಲ, ಆ ಫೋಲ್ಡರನ್ನ ನೀವೇ ಆನ್ ಮಾಡಿರ್ಬೇಕು.

ಕಂಪ್ಯೂಟರ್ ಸಿಗೋ ಹಾಗಿದ್ರೆ ಇನ್ನೂ ಒಳ್ಳೇದು. ಕೇಬಲ್ ಹಾಕಿ ಫೈಲ್ ಟ್ರಾನ್ಸ್‌ಫರ್ ಆಯ್ಕೆ ಮಾಡಿ, ಕಟ್ ಮಾಡ್ಬೇಡಿ, ಕಾಪಿ ಮಾಡಿ. ಅರ್ಧದಲ್ಲಿ ಕೇಬಲ್ ಅಲ್ಲಾಡಿದ್ರೆ ಕಟ್ ಮಾಡಿದ್ದು ಎರಡೂ ಕಡೆ ಇಲ್ಲದ ಹಾಗೆ ಆಗಬಹುದು. ಕಾಪಿ ಆದ್ಮೇಲೆ ಅಲ್ಲಿ ಓಪನ್ ಆಗತ್ತಾ ನೋಡಿ, ಆಮೇಲೆ ಫೋನಿಂದ ಅಳಿಸಿ.

ಮೆಮೊರಿ ಕಾರ್ಡ್ ಹಾಕೋ ಜಾಗ ಇದ್ರೆ ಕ್ಯಾಮೆರಾ ಸೆಟ್ಟಿಂಗ್ಸಲ್ಲಿ ಸೇವ್ ಆಗೋ ಜಾಗನ ಕಾರ್ಡಿಗೆ ಬದ್ಲಾಯ್ಸಿ. 2015ರ ಆಂಡ್ರಾಯ್ಡ್ 6ರಿಂದ ಕಾರ್ಡನ್ನ ಇಂಟರ್ನಲ್ ಸ್ಟೋರೇಜ್ ಥರ ಸೇರಿಸ್ಕೊಳ್ಳೋ ಸೌಲಭ್ಯ ಬಂತು, ಎಲ್ಲಾ ಫೋನಲ್ಲೂ ಇಲ್ಲ. ಹಾಗೆ ಸೇರಿಸಿದ ಕಾರ್ಡ್ ಆ ಫೋನಿಗಷ್ಟೇ ಸೀಮಿತ, ಎನ್‌ಕ್ರಿಪ್ಟ್ ಆಗಿರತ್ತೆ, ತೆಗೆದು ಕಂಪ್ಯೂಟರಿಗೆ ಹಾಕಿದ್ರೆ ಓದೋಕಾಗಲ್ಲ. ಆ್ಯಪ್ ಇಡೋದಾದ್ರೆ ಕಾರ್ಡ್ ಮೇಲೆ ಎ1 ಅಥವಾ ಎ2 ಅಂತ ಬರ್ದಿರೋದು ತಗೊಳ್ಳಿ. ಫೋಟೋ ಒಂದೇ ಕಾಪಿ, ಅದೂ ಕಾರ್ಡಲ್ಲಿ ಮಾತ್ರ, ಹಾಗೆ ಮಾತ್ರ ಇಡ್ಬೇಡಿ, ಕಾರ್ಡ್‌ಗಳು ಯಾವ ಸೂಚನೆನೂ ಕೊಡದೆ ಕೆಟ್ಟೋಗ್ತವೆ.

ಇನ್ನು ಪ್ರಶ್ನೆಗಳು. ಹಿರಿಯರೊಬ್ರು ಕೇಳಿದ್ರು, ತೀರಿಕೊಂಡ ಅಕ್ಕ ಕಳಿಸಿದ್ದ ವಾಯ್ಸ್ ಮೆಸೇಜೆಲ್ಲ ವಾಟ್ಸಾಪಲ್ಲಿವೆ, ಫೋನ್ ತುಂಬಿದೆ, ಅವನ್ನ ಅಳಿಸ್ಬೇಕಾ ಅಂತ. ಬೇಡಮ್ಮ, ಖಂಡಿತ ಅಳಿಸ್ಬೇಡಿ. ವಾಯ್ಸ್ ಮೆಸೇಜ್ ತುಂಬಾ ಸಣ್ಣದು, ಒಂದು ನಿಮಿಷದ್ದು ಒಂದು ಎಂಬಿನೂ ಆಗಲ್ಲ, ಅವನ್ನ ತೆಗೆದ್ರೆ ಜಾಗ ಸಿಗೋದೇ ಇಲ್ಲ. ಆದ್ರೆ ಫೋನ್ ಕೆಟ್ರೆ ಹೋಗ್ತವೆ ಅನ್ನೋ ಭಯ ಇದ್ದೇ ಇದೆ, ಅದಕ್ಕೆ ಆ ಚಾಟ್ ಓಪನ್ ಮಾಡಿ ಮೇಲಿನ ಮೂರು ಚುಕ್ಕೆಯಲ್ಲಿ ಎಕ್ಸ್‌ಪೋರ್ಟ್ ಚಾಟ್ ಒತ್ತಿ, ಮೀಡಿಯಾ ಸಮೇತ ಅಂತ ಕೊಟ್ಟು ನಿಮ್ಮದೇ ಇಮೇಲಿಗೋ ಡ್ರೈವಿಗೋ ಕಳಿಸ್ಕೊಳ್ಳಿ. ಚಾಟ್ ತುಂಬಾ ಉದ್ದ ಇದ್ರೆ ಎಲ್ಲಾ ಬರದೇ ಇರಬಹುದು, ಆಗ ಕೇಬಲ್ ಹಾಕಿ ವಾಟ್ಸಾಪ್ ಮೀಡಿಯಾ ಒಳಗಿನ ವಾಯ್ಸ್ ನೋಟ್ಸ್ ಫೋಲ್ಡರನ್ನ ಪೂರ್ತಿ ಕಂಪ್ಯೂಟರಿಗೆ ಕಾಪಿ ಮಾಡಿಸಿ. ಫೈಲ್‌ಗಳ ಹೆಸರಿನ ಕೊನೇಲಿ ಓಪಸ್ ಅಂತ ಇರತ್ತೆ, ವಿಎಲ್‌ಸಿ ಪ್ಲೇಯರಲ್ಲಿ ಕೇಳತ್ತೆ.

ಇನ್ನೊಬ್ರು ಕೇಳಿದ್ದು, ಎಲ್ಲಾ ಮಾಡಿದ್ರೂ ಸಿಸ್ಟಮ್ ಅನ್ನೋದೊಂದೇ ಅರ್ಧ ಫೋನ್ ತಿಂದಿದೆ, ಅದಕ್ಕೇನ್ಮಾಡೋದು. ಸಿಸ್ಟಮ್ ಭಾಗನ ನಾವು ಕಮ್ಮಿ ಮಾಡೋಕಾಗಲ್ಲ ಸರ್. ಫೋನ್ ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ, ಲೆಕ್ಕಕ್ಕೆ ಸಿಗದ ತಾತ್ಕಾಲಿಕ ಫೈಲ್‌ಗಳು ಕೆಲವು ಸಲ ಹೋಗ್ತವೆ. ಕೊನೇ ದಾರಿ ಫ್ಯಾಕ್ಟರಿ ರೀಸೆಟ್, ಅಂದ್ರೆ ಫೋನಲ್ಲಿರೋ ನಿಮ್ಮದನ್ನೆಲ್ಲ ಅಳಿಸಿ ಹೊಸ ಫೋನಿನ ಥರ ಮಾಡೋದು. ಅದಕ್ಕೆ ಮುಂಚೆ ಫೋಟೋ ಕಾಪಿ ಆಗಿರ್ಬೇಕು, ವಾಟ್ಸಾಪ್ ಬ್ಯಾಕಪ್ ಇವತ್ತಿನ ತಾರೀಖು ತೋರಿಸ್ಬೇಕು, ಆಥೆಂಟಿಕೇಟರ್ ಕೋಡ್‌ಗಳು ಬೇರೆ ಫೋನಿಗೋ ಅಕೌಂಟಿಗೋ ಹೋಗಿರ್ಬೇಕು. ಮತ್ತೆ ಫೋನಲ್ಲಿರೋ ಗೂಗಲ್ ಅಕೌಂಟಿನ ಪಾಸ್‌ವರ್ಡ್ ಗೊತ್ತಿದೆಯಾ ಅಂತ ಇನ್ನೊಂದು ಕಡೆ ಲಾಗಿನ್ ಮಾಡಿ ನೋಡ್ಕೊಳ್ಳಿ, ಯಾಕಂದ್ರೆ ಕಳ್ಳರು ರೀಸೆಟ್ ಮಾಡಿ ಬಳಸ್ಬಾರ್ದು ಅಂತ ಆಂಡ್ರಾಯ್ಡ್ 5.1ರಿಂದ ಒಂದು ಲಾಕ್ ಇದೆ, ಕೆಲವು ಥರ ರೀಸೆಟ್ ಮಾಡಿದಾಗ ಹಳೇ ಅಕೌಂಟಿನ ವಿವರ ಕೊಡದೆ ಫೋನ್ ಮುಂದಕ್ಕೆ ಹೋಗೋದೇ ಇಲ್ಲ.